ಎರಡಿಂಚು ಕಡಿಮೆ

"ನಿಮ್ಮ ಸೊಂಟದ ಸುತ್ತಳತೆ ಎಷ್ಟು?"

ಅಂಗಡಿಯೊಳಗೆ ಕಾಲಿಟ್ಟ ಗಂಡಸೊಬ್ಬ ನಮಸ್ಕಾರಕ್ಕೂ ಮೊದಲು ಹೀಗೆ ಕೇಳಿದರೆ ಏನಾಗಬೇಕೋ ಅದೇ ಆಯಿತು. ಓಡುತ್ತಿದ್ದ ಹೊಲಿಗೆ ಮಿಷಿನ್ನುಗಳು ಒಂದೊಂದಾಗಿ ನಿಂತವು. ಅಂಗಿ ಸಡಿಲ ಮಾಡಿಸಲು ಬಂದಿದ್ದ ಎದುರುಬದಿಯ ಬೇಕರಿಯಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು.

ಅಂಗಡಿಯವಳು ತಲೆ ಎತ್ತಿದಳು.

ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಎದುರಿಗೆ, ಬಾಗಿಲ ಚೌಕಟ್ಟು ತಲೆಗೆ ತಾಗದಂತೆ ತುಸು ಬಗ್ಗಿ ನಿಂತ ಎತ್ತರದ ಮನುಷ್ಯ. ಮೈಮೇಲೆ ಬಿಳಿ ಕೋಟು. ಕೋಟಿನ ತೋಳು ಮಣಿಕಟ್ಟಿಗೂ ಮುಟ್ಟಿರಲಿಲ್ಲ. ಯಾವ ಅಡ್ಡಕಸುಬಿ ಹೊಲಿದನೋ ಎಂದುಕೊಂಡಳು. ಆಮೇಲೆ ತನಗೆ ಕೋಪ ಬರಬೇಕಾಗಿತ್ತು ಎನ್ನುವುದು ನೆನಪಾಯಿತು.

"ಕತ್ತರಿ ನನ್ನ ಕೈಲಿದೆ," ಅಂದಳು. "ಯೋಚನೆ ಮಾಡಿ ಇನ್ನೊಂದ್ಸಲ ಕೇಳಿ."

ಅವನ ಕಿವಿಗಳು ಕೆಂಪಾದವು. ತಪ್ಪಾಯಿತು, ಬೆಳಗಿನಿಂದ ಮನೆ ಮನೆಗೂ ಅದನ್ನೇ ಕೇಳಿ ಕೇಳಿ ಬಾಯಿಪಾಠವಾಗಿಬಿಟ್ಟಿದೆ ಎಂದು ತಡವರಿಸಿದ. ಅವನು ಆರೋಗ್ಯ ಕೇಂದ್ರದ ನರ್ಸು. ಈ ಭಾಗದಲ್ಲಿ ದೊಡ್ಡವರ ತೂಕ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಅದರ ಬೆನ್ನಿಗೇ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎದೆನೋವು, ಮಂಡಿನೋವು ಬರುತ್ತಿವೆ, ಎಷ್ಟು ಜನಕ್ಕೆ ಅಪಾಯವಿದೆ ಎಂದು ಮೊದಲು ತಿಳಿಯಬೇಕು ಎಂದು ಡಾಕ್ಟರಮ್ಮ ಅವನನ್ನು ಬೀದಿಗಿಳಿಸಿದ್ದರು. ಎತ್ತರ, ತೂಕ, ಬಿಪಿಗೆ ಯಾರೂ ತಕರಾರು ಮಾಡಿರಲಿಲ್ಲ. ಟೇಪು ತೆಗೆದ ಕೂಡಲೇ ಹೆಂಗಸರು ಒಳಮನೆಗೆ ಓಡುತ್ತಿದ್ದರು. ಒಂದು ಮನೆಯಲ್ಲಿ ನಾಯಿಯನ್ನೇ ಬಿಟ್ಟಿದ್ದರಂತೆ.

"ಈ ಬೀದಿ ಹೆಂಗಸರು ಟೇಪಿಗೆ ಮೈ ಕೊಡೋದು ನಿಮಗೊಬ್ಬರಿಗೇ," ಅಂದ. "ಸಹಾಯ ಮಾಡ್ತೀರಾ ಅಂತ ಕೇಳೋಕೆ ಬಂದೆ. ಬಾಯಿ ತೆಗೆದ್ರೆ ಅದೇ ಪ್ರಶ್ನೆ ಬಂತು."

ಬೇಕರಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ಅಂಗಡಿಯವಳೂ ತುಟಿ ಕಚ್ಚಿಕೊಂಡಳು.

ಮನೆಯಲ್ಲಿ ಅವಳನ್ನು ಕರೆಯುವುದು ಕಡ್ಡಿ ಎಂದು. ಚಿಕ್ಕಂದಿನಲ್ಲಿ ಗಾಳಿ ಬೀಸಿದರೆ ಹಾರಿಹೋಗುವಂತಿದ್ದಳು, ಆಗ ಅಂಟಿದ ಹೆಸರು. ಆಮೇಲೆ ಮೈ ತುಂಬಿತು, ಮತ್ತೂ ತುಂಬಿತು, ಹೆಸರು ಮಾತ್ರ ಹಾಗೇ ಉಳಿಯಿತು. ಮೂವತ್ತು ದಾಟಿದ್ದಳು. ನೋಡಲು ಬಂದ ಗಂಡಿನ ಕಡೆಯವರೆಲ್ಲ ಅವಳ ಕೆಲಸ ಮೆಚ್ಚಿ, ಮಾತು ಮೆಚ್ಚಿ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, ಹುಡುಗಿ ಸ್ವಲ್ಪ ಇಳಿದ ಮೇಲೆ ಹೇಳಿ ಕಳಿಸಿ ಎನ್ನುತ್ತಿದ್ದರು. ಇಳಿಯುವವರೆಗೆ ತಾನು ಯಾರ ಕಣ್ಣಿಗೂ ಹೆಣ್ಣೇ ಅಲ್ಲವೇ... ಎಂದು ಅವಳು ಅತ್ತಿದ್ದೂ ಉಂಟು. ಈಗ ಅಳುತ್ತಿರಲಿಲ್ಲ. ಕನ್ನಡಿಯ ಮುಂದೆ ಗಿರಾಕಿಯನ್ನು ನಿಲ್ಲಿಸಿ ತಾನು ಪಕ್ಕಕ್ಕೆ ಸರಿಯುವುದು ರೂಢಿಯಾಗಿತ್ತು. ಊರಿನವರ ಅಳತೆಯೆಲ್ಲ ತೆಗೆಯುತ್ತಿದ್ದವಳು ತನ್ನ ಬಟ್ಟೆಯನ್ನು ಮಾತ್ರ ಹಳೆಯದೊಂದನ್ನು ಎದುರಿಗಿಟ್ಟು ಅಂದಾಜಿನಲ್ಲಿ ಹೊಲಿದುಕೊಳ್ಳುತ್ತಿದ್ದಳು.

"ಎಲ್ಲರ ಅಳತೆ ತೆಗೀತೀನಿ," ಅಂದಳು. "ನನ್ನದು ಮಾತ್ರ ಕೇಳಬಾರದು."

"ಕೇಳಲ್ಲ. ಒಂದ್ಸಲ ಕೇಳಿ ಬುದ್ಧಿ ಬಂತು," ಅಂದ ಅವನು. ನಕ್ಕಾಗ ಅವನ ಮುಖವೇ ಬೇರೆಯಾಯಿತು.

ಅವನು ಹೋದ ಮೇಲೆ, ಕತ್ತರಿಸುವ ಮೇಜಿನ ಹಿಂದೆ ನಿಂತಿದ್ದ ಅತ್ತಿಗೆ, ಕೋಟು ಬಿಚ್ಚಿಸಿ ತೋಳು ಉದ್ದ ಮಾಡಿಕೊಡಬಹುದಿತ್ತಲ್ಲ ಎಂದು ಯಾರಿಗೋ ಎನ್ನುವಂತೆ ಹೇಳಿದಳು. ಅತ್ತಿಗೆ ಎಂದರೆ ಅಣ್ಣನ ಹೆಂಡತಿ. ಅಣ್ಣ ಸರಕು ಲಾರಿಯೊಂದಿಗೆ ಸದಾ ಊರೂರು ಸುತ್ತುವವನು. ಅಮ್ಮ ಇಲ್ಲದ ಮನೆಯಲ್ಲಿ ಕಡ್ಡಿಗೆ ತಲೆ ಬಾಚಿ, ಬೈದು, ಬಟ್ಟೆ ಕತ್ತರಿಸುವುದನ್ನು ಕಲಿಸಿ ಬೆಳೆಸಿದವಳು ಅತ್ತಿಗೆಯೇ.

*

ಶಾಲೆಯ ಸಭಾಂಗಣದಲ್ಲಿ ಒಂದು ಪರದೆ ಕಟ್ಟಿದರು. ಒಳಗೆ ಕಡ್ಡಿ ಮತ್ತು ಅವಳ ಟೇಪು. ಹೊರಗೆ ಮೇಜು ಹಾಕಿಕೊಂಡು ಅವನು. ಅವಳು ಅಳೆದು ಕೂಗಿ ಹೇಳಬೇಕು, ಅವನು ಬರೆದುಕೊಳ್ಳಬೇಕು. ತೂಕವಾಗಲಿ ಸೊಂಟವಾಗಲಿ, ಎರಡರಲ್ಲಿ ಒಂದು ಡಾಕ್ಟರಮ್ಮ ಹಾಕಿಕೊಟ್ಟ ಗೆರೆ ದಾಟಿದರೂ ಅಂಥವರಿಗೆ ರಕ್ತ ಪರೀಕ್ಷೆ. ದಾಟದವರು ನೆಮ್ಮದಿಯಾಗಿ ಮನೆಗೆ.

ಬೀದಿಗೆ ಬೀದಿಯೇ ಬಂತು. ಅವಳು ಅಳೆಯುತ್ತಾ ಹೋದಳು, ಕೂಗುತ್ತಾ ಹೋದಳು.

ಇಲ್ಲೇ ಒಂದು ಎಡವಟ್ಟಾಯಿತು.

ಅವಳ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಸೊಂಟ ಅಳೆದರೆ ಬಾಯಲ್ಲಿ ಹೇಳುವುದು ಎರಡಿಂಚು ಕಡಿಮೆ. ಮೇಜಿನ ಬಳಿ ನಿಂತ ಅತ್ತಿಗೆ ಅದಕ್ಕೆ ಎರಡು ಸೇರಿಸಿ ಬಟ್ಟೆಗೆ ಗುರುತು ಹಾಕುವಳು. ಗಿರಾಕಿಗೆ ಖುಷಿ, ಬಟ್ಟೆಯೂ ಮೈಗೆ ಸರಿಯಾಗಿ ಕೂರುತ್ತದೆ, ಯಾರಿಗೂ ನಷ್ಟವಿಲ್ಲ. ಕಡ್ಡಿಗೆ ಅದು ಉಸಿರಾಡಿದಷ್ಟು ಸಲೀಸು. ಆದರೆ ಪರದೆಯ ಆಚೆ ಕೂತು ಬರೆದುಕೊಳ್ಳುತ್ತಿದ್ದವನು ಅತ್ತಿಗೆಯಲ್ಲ. ಅವಳು ಹೇಳಿದ್ದನ್ನೇ ಅವನು ಬರೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಹೊಳೆಯಿತು. ಅಯ್ಯೋ, ಎಲ್ಲರಿಗೂ ಅಂಗಡಿ ಲೆಕ್ಕವೇ ಹೇಳಿಬಿಟ್ಟೆನಲ್ಲ... ಎಂದುಕೊಂಡಳು. ಪರದೆ ಸರಿಸಿ ಹೇಳಲು ಕೈ ಚಾಚಿದಳು ಕೂಡ. ಅಷ್ಟರಲ್ಲಿ ಬೇಕರಿಯಮ್ಮ ಒಳಗೆ ಬಂದು, ಹೊಟ್ಟೆ ಒಳಗೆಳೆದುಕೊಂಡು, ಬೇಡುವಂತೆ ಅವಳ ಮುಖ ನೋಡಿದಳು. ಆ ನೋಟ ಕಡ್ಡಿಗೆ ಚೆನ್ನಾಗಿ ಗೊತ್ತಿತ್ತು. ಅದು ತನ್ನದೇ ನೋಟ.

ತೂಕವಂತೂ ಯಂತ್ರದಲ್ಲಿ ಸರಿಯಾಗಿಯೇ ಇದೆ. ಎರಡಿಂಚಿನಲ್ಲಿ ಏನು ಮುಳುಗಿಹೋಗುತ್ತದೆ, ಪಾಪ, ಖುಷಿಯಾಗಿ ಹೋಗಲಿ...

ಅವಳು ಎರಡಿಂಚು ಕಡಿಮೆಯೇ ಕೂಗಿದಳು. ಸಂಜೆಯವರೆಗೂ ಹಾಗೇ ಕೂಗಿದಳು.

ಕೊನೆಗೆ ಅತ್ತಿಗೆಯ ಸರದಿ. ಅತ್ತಿಗೆಯ ಕೈಕಾಲು ತೆಳು, ಮುಖ ಸಣ್ಣ. ಯಂತ್ರದ ಮೇಲೆ ನಿಂತರೆ ತೂಕ ಗೆರೆಯ ಒಳಗೇ. ಇದ್ದ ಬೊಜ್ಜೆಲ್ಲ ಹೊಟ್ಟೆಯ ಸುತ್ತಲೇ ಕೂತಿತ್ತು. ಟೇಪು ಗೆರೆ ದಾಟಿತು. ಕಡ್ಡಿಯ ಬಾಯಿ ದಾಟಲಿಲ್ಲ. ಅತ್ತಿಗೆ ನೆಮ್ಮದಿಯಾಗಿ ಮನೆಗೆ ಹೋದಳು.

ಎಲ್ಲ ಮುಗಿದ ಮೇಲೆ ಅವನು ಅವಳ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ. ಮಾತು ಕೊಟ್ಟಿದ್ದಂತೆ ಬೇರೆ ಅಳತೆ ಕೇಳಲಿಲ್ಲ. ಬಿಪಿ ಜಾಸ್ತಿಯಿತ್ತು. ಅವನು ಬೈಯಲಿಲ್ಲ, ಹೆದರಿಸಲೂ ಇಲ್ಲ. ಮಾತ್ರೆ ಬೇಕೋ ಬೇಡವೋ ಡಾಕ್ಟರಮ್ಮ ನೋಡುತ್ತಾರೆ, ಉಪ್ಪು ಕಡಿಮೆ ಮಾಡಿ, ದಿನಾ ಬೆಳಿಗ್ಗೆ ಒಂದಷ್ಟು ನಡೆಯಿರಿ ಎಂದ. ಒಬ್ಬಳೇ ನಡೆಯಲು ನಾಚಿಕೆ, ಜನ ನೋಡುತ್ತಾರೆ ಎಂದು ಅವಳು ತಲೆ ತಗ್ಗಿಸಿದಳು.

"ನಾನೂ ಬರ್ತೀನಿ," ಅಂದ. "ಇಬ್ಬರನ್ನೂ ನೋಡ್ಲಿ ಬಿಡಿ."

*

ಕಾಲುವೆಯ ದಂಡೆಯ ಮೇಲೆ ಬೆಳಗಿನ ನಡಿಗೆ ಶುರುವಾಯಿತು.

ಮೊದಲ ದಿನಗಳಲ್ಲಿ ಸೇತುವೆಯವರೆಗೆ ಹೋಗುವಷ್ಟರಲ್ಲಿ ಅವಳಿಗೆ ಏದುಸಿರು. ಅವನು ಬೂಟಿನ ದಾರ ಬಿಚ್ಚಿಕೊಂಡಿತು ಎಂದು ಕೂರುತ್ತಿದ್ದ. ಅವನ ಬೂಟಿಗೆ ದಾರವೇ ಇಲ್ಲ ಎಂದು ಅವಳು ಗಮನಿಸಿದ್ದು ಎಷ್ಟೋ ದಿನದ ಮೇಲೆ. ಗಮನಿಸಿದಳು, ಹೇಳಲಿಲ್ಲ. ಆ ಸುಳ್ಳು ಅಷ್ಟು ಹಿತವಾಗಿತ್ತು.

ನಡೆಯುತ್ತಾ ಅವನು ತನ್ನ ತಾಯಿಯ ಮಾತು ತೆಗೆಯುತ್ತಿದ್ದ. ಅವರೂ ದೊಡ್ಡ ಮೈಯವರು. ಒಮ್ಮೆ ಆಸ್ಪತ್ರೆಯಲ್ಲಿ ಎಲ್ಲರೆದುರು ಯಾರೋ ನಕ್ಕರೆಂದು ಮತ್ತೆ ಆ ಕಡೆ ತಲೆ ಹಾಕಲಿಲ್ಲವಂತೆ. ಅದಕ್ಕೇ ನಾನು ನರ್ಸಾದೆ, ನನ್ನ ಎದುರು ಯಾರೂ ಹಾಗೆ ಎದ್ದು ಹೋಗಬಾರದು ಎಂದ.

ಇಡೀ ಬೀದಿ ಅವನನ್ನು ನರ್ಸಣ್ಣ ಎಂದು ಕರೆಯುತ್ತಿತ್ತು. ಬೇಕರಿಯಮ್ಮ, ಶಾಲೆಯ ಮೇಡಂ, ಅವನಿಗಿಂತ ಹಿರಿಯಳಾದ ಅತ್ತಿಗೆ ಕೂಡ. ಅವಳಿಗೆ ಮಾತ್ರ ಆ 'ಅಣ್ಣ' ಎನ್ನುವುದು ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತಿತ್ತು. "ಏನ್ರೀ" ಎನ್ನುವುದೂ ಆಗದು. ಹಾಗಾಗಿ ಏನೂ ಕರೆಯದೆ, ಕೆಮ್ಮಿ, ಮಾತು ಶುರು ಮಾಡುತ್ತಿದ್ದಳು.

"ನಿನಗೆ ಕೆಮ್ಮಿಗೂ ಔಷಧಿ ಕೊಡು ಅಂತ ಹೇಳ್ಲಾ ಅವನಿಗೆ?" ಎಂದು ಅತ್ತಿಗೆ ಕಾಲೆಳೆದಳು.

ಸಕ್ಕರೆಯಿಲ್ಲದ ಚಹಾ ಮೊದಲು ಕಷಾಯದಂತಿತ್ತು, ಆಮೇಲೆ ಅಭ್ಯಾಸವಾಯಿತು. ಸೇತುವೆ ಹತ್ತಿರವಾಯಿತು, ಅದರಾಚೆಯ ಗಿರಣಿಯೂ ಹತ್ತಿರವಾಯಿತು. ಅವಳು ತನಗಾಗಿ ಹೊಸ ಅಂಗಿಗಳನ್ನು ಹೊಲಿದುಕೊಂಡಳು. ಹಸಿರು, ನೀಲಿ, ಎಂದೂ ಹಾಕದ ಅರಿಶಿನ ಬಣ್ಣ ಕೂಡ. ತೆಳ್ಳಗಾಗಿದ್ದಳೇ? ಅಷ್ಟೇನಿಲ್ಲ. ಆದರೆ ಅವನು ಪಕ್ಕದಲ್ಲಿ ನಡೆಯುವಾಗ ತನ್ನ ಮೈ ಅವಳಿಗೆ ಹೊರೆ ಅನ್ನಿಸುತ್ತಿರಲಿಲ್ಲ. ಇಳಿಯದೆಯೇ ಒಬ್ಬರ ಕಣ್ಣಿಗೆ ಹೆಣ್ಣಾಗಿದ್ದೇನೆಯೇ...? ಕೇಳಿಕೊಳ್ಳಲೂ ಭಯ, ಕೇಳಿಕೊಳ್ಳದೆ ಇರಲೂ ಆಗದು.

ಆ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳು ಬಯಸಿದ ಉತ್ತರವಲ್ಲ.

ಆರೋಗ್ಯ ಕೇಂದ್ರದ ಕಿಟಕಿಗಳಿಗೆ ಪರದೆ ಹೊಲಿದು ಕೊಡಲು ಹೋಗಿದ್ದಳು. ಡಾಕ್ಟರಮ್ಮ ಪ್ರೀತಿಯಿಂದ ಮಾತಾಡಿಸಿ, ನಡಿಗೆ ಬಿಡಬೇಡ, ಬಿಪಿ ಇಳಿಯುತ್ತಿದೆ ಎಂದರು. ಆಮೇಲೆ, ತಮ್ಮ ಹುಡುಗನನ್ನು ಹೊಗಳುವ ಉತ್ಸಾಹದಲ್ಲಿ, ಗೆರೆ ದಾಟಿದವರನ್ನು, ಬಿಪಿ ಜಾಸ್ತಿಯಿರುವವರನ್ನೆಲ್ಲ ವಾರವಾರ ಹೋಗಿ ನೋಡುವುದು, ಮಾತಾಡಿಸುವುದು, ನಡೆಸುವುದು ಅವನ ಕೆಲಸ, ಆ ಕೆಲಸವನ್ನು ಅವನಷ್ಟು ಚೆನ್ನಾಗಿ ಮಾಡುವವರಿಲ್ಲ ಎಂದರು.

ಅವಳು ನಕ್ಕು ತಲೆಯಾಡಿಸಿದಳು. ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತಳು.

ಕೆಲಸ.

ಬೂಟಿನ ದಾರವೂ ಕೆಲಸ. ತಾಯಿಯ ಕಥೆಯೂ ಕೆಲಸ. ಎಷ್ಟು ಮನೆಗಳಲ್ಲಿ ಹೇಳಿದ್ದಾನೋ... ತಾನು ಅರಿಶಿನ ಬಣ್ಣದ ಅಂಗಿ ಹೊಲಿದುಕೊಂಡೆನಲ್ಲ, ಎಂಥ ಹುಚ್ಚಿ ನಾನು...

ಮರುದಿನ ಅವಳು ಕಾಲುವೆಯ ಕಡೆ ಹೋಗಲಿಲ್ಲ. ಅದರ ಮರುದಿನವೂ.

*

ಅವನೇ ಅಂಗಡಿಗೆ ಬಂದ. ಹುಷಾರಿಲ್ಲವಾ ಎಂದು ಕೇಳಿದ. ಅವಳು ಮಿಷಿನ್ನಿನಿಂದ ಕಣ್ಣೆತ್ತಲಿಲ್ಲ. ಪುರುಸೊತ್ತಿಲ್ಲ, ಇನ್ನು ಬರುವುದಕ್ಕಾಗುವುದಿಲ್ಲ, ನನ್ನ ಬಗ್ಗೆ ಏನು ಬರೆದುಕೊಳ್ಳಬೇಕೋ ಕೇಂದ್ರದಲ್ಲೇ ಕೂತು ಬರೆದುಕೊಳ್ಳಿ ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ನಿಂತ. ಹೊರಡಲು ತಿರುಗಿದ. ತಿರುಗುವಾಗ ಅತ್ತಿಗೆಯ ಬೆರಳಿಗೆ ಸುತ್ತಿದ್ದ ಬಟ್ಟೆ ಕಣ್ಣಿಗೆ ಬಿತ್ತು.

ಕತ್ತರಿ ತಾಗಿತ್ತು, ಬಹಳ ದಿನವಾಯಿತು, ಒಣಗಲೇ ಒಲ್ಲದು, ಹಾಳು ದೂಳು ಎಂದಳು ಅತ್ತಿಗೆ. ಅವನು ಬಟ್ಟೆ ಬಿಚ್ಚಿ ನೋಡಿದ. ಬಾಯಾರಿಕೆ ಜಾಸ್ತಿಯೇ ಎಂದು ಕೇಳಿದ. ಬಿಂದಿಗೆ ನೀರೂ ಸಾಲದು, ರಾತ್ರಿಯೆಲ್ಲ ಬಚ್ಚಲಿಗೆ ಓಡಾಟ, ವಯಸ್ಸಾಯಿತಲ್ಲ ಎಂದು ಅತ್ತಿಗೆ ನಕ್ಕಳು. ಅವನು ನಗಲಿಲ್ಲ.

"ನಿಮ್ಮ ಸೊಂಟ ಗೆರೆ ಒಳಗೇ ಇತ್ತಲ್ಲ ಅಕ್ಕ. ನನಗೆ ನೆನಪಿದೆ."

"ಇವಳು ಹೇಳಿದ್ದಕ್ಕೆ ಎರಡು ಸೇರಿಸಿಕೋಬೇಕು ಕಣಪ್ಪ," ಅಂದಳು ಅತ್ತಿಗೆ ಯಾವ ಕಪಟವೂ ಇಲ್ಲದೆ. "ಅಂಗಡೀಲಿ ಯಾವಾಗಲೂ ಹಾಗೇನೇ."

ಮಿಷಿನ್ನು ನಿಂತಿತು.

ಅವನು ಕಡ್ಡಿಯ ಕಡೆ ನೋಡಿದ. ಎಲ್ಲರಿಗೂ ಹಾಗೇ ಹೇಳಿದಿರಾ ಎಂದು ಮೆಲ್ಲಗೆ ಕೇಳಿದ. ಅವಳು ತಲೆಯಾಡಿಸಿದಳು.

"ಬೇಜಾರು ಮಾಡ್ಕೋಬಾರದು ಅಂತ..."

"ನಮ್ಮಮ್ಮನಿಗೂ ಯಾರೂ ಬೇಜಾರು ಮಾಡ್ಲಿಲ್ಲ," ಅಂದ. ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಅಪ್ಪ ಮಾಡ್ಲಿಲ್ಲ, ನಾನೂ ಮಾಡ್ಲಿಲ್ಲ. ನೀನು ಚೆನ್ನಾಗಿದ್ದೀಯ, ನಿನಗೇನೂ ಆಗಿಲ್ಲ ಅಂತ ಹೇಳ್ತಾ ಹೇಳ್ತಾನೇ ಮಣ್ಣು ಮಾಡಿದ್ವಿ."

ತಪ್ಪು ತನ್ನದೆಂದು ಗೊತ್ತಿದ್ದಾಗ ಬರುವ ಕೋಪವೇ ಕೆಟ್ಟದ್ದು. ಅವಳಿಗೆ ಅದು ಬಂತು.

"ನೀವೇನು ನಿಜ ಹೇಳಿದ್ರಾ? ಗೆರೆ ದಾಟಿದವರನ್ನ ನಡೆಸೋದು ನಿಮ್ಮ ಕೆಲಸ ಅಂತ ಒಂದು ಮಾತು ಹೇಳಿದ್ರೆ, ನಾನು ದಿನಾ ಹೊಸ ಬಟ್ಟೆ ಹಾಕ್ಕೊಂಡು ಬರ್ತಾ ಇರ್ಲಿಲ್ಲ."

ಅವನು ಬಾಯಿ ತೆರೆದ. ಅಷ್ಟರಲ್ಲಿ, ಇವರಿಬ್ಬರನ್ನು ಸಮಾಧಾನ ಮಾಡಲು ಎದ್ದ ಅತ್ತಿಗೆ, ಮೇಜು ಹಿಡಿದುಕೊಂಡು, ಯಾಕೋ ಕಣ್ಣು ಕತ್ತಲೆ ಎನ್ನುತ್ತಾ ಹಾಗೇ ಕುಸಿದಳು.

ಅವನು ಓಡಿ ಹಿಡಿದುಕೊಂಡ. ಆ ಮಾತು ಅಲ್ಲಿಗೇ ನಿಂತಿತು.

*

ಅತ್ತಿಗೆಯ ರಕ್ತದಲ್ಲಿ ಸಕ್ಕರೆ ಎಷ್ಟು ಏರಿತ್ತೆಂದರೆ ಡಾಕ್ಟರಮ್ಮ ಎರಡನೇ ಸಲ ಪರೀಕ್ಷೆ ಮಾಡಿಸಿದರು. ಇನ್ನಷ್ಟು ತಿಂಗಳು ಹೀಗೇ ಬಿಟ್ಟಿದ್ದರೆ ಕಣ್ಣಿಗೋ ಕಾಲಿಗೋ ಮೂತ್ರಪಿಂಡಕ್ಕೋ ಪೆಟ್ಟು ಬೀಳುತ್ತಿತ್ತು, ಈಗ ಔಷಧಿಗೆ ಬಗ್ಗುತ್ತದೆ, ಹೆದರಬೇಡಿ ಎಂದರು. ತೂಕ ಕಡಿಮೆಯಿದ್ದರೂ ಹೊಟ್ಟೆಯ ಬೊಜ್ಜು ಹೀಗೆ ಒಳಗೊಳಗೇ ಕೆಲಸ ಮಾಡುತ್ತದೆ, ಅದಕ್ಕೇ ಸೊಂಟ ಅಳೆಯುವುದು ಎಂದು ವಿವರಿಸಿದರು.

ಹಾಸಿಗೆಯ ಪಕ್ಕ ಕೂತು ಕಡ್ಡಿ ಅತ್ತಿಗೆಯ ಕಾಲು ಹಿಡಿದುಕೊಂಡಳು. ಅಮ್ಮನಂತೆ ಸಾಕಿದವಳಿಗೆ ತಾನು ಎರಡಿಂಚು ಸುಳ್ಳು ಹೇಳಿ ಸಾವಿನ ದಾರಿ ತೋರಿಸುತ್ತಿದ್ದೆನಲ್ಲ...

"ಕಾಲು ಬಿಡೇ, ಕಚಗುಳಿ ಆಗುತ್ತೆ," ಅಂದಳು ಅತ್ತಿಗೆ. ಆಮೇಲೆ, ಹೆಂಗಸರ ಅಳತೆಯೆಲ್ಲ ರದ್ದಾಯಿತಂತೆ, ಪರದೆ ಒಳಗೆ ಏನಾಗುತ್ತಿದೆ ಅಂತ ವಿಚಾರಿಸಬೇಕಾದವನು ನಾನು, ತಪ್ಪೆಲ್ಲ ನನ್ನದೇ ಅಂತ ನರ್ಸಣ್ಣ ಡಾಕ್ಟರಮ್ಮನಿಗೆ ಹೇಳಿದನಂತೆ, ಚೆನ್ನಾಗಿ ಬೈಸಿಕೊಂಡನಂತೆ ಎಂದು ಸುದ್ದಿ ಕೊಟ್ಟಳು. ನಿನ್ನ ಹೆಸರು ಎತ್ತಲೇ ಇಲ್ಲವಂತೆ.

ಕಡ್ಡಿ ಕಣ್ಣೊರೆಸಿಕೊಂಡು ಎದ್ದಳು. ಅವನು ತನ್ನನ್ನು ಪ್ರೀತಿಸದಿದ್ದರೆ ಬೇಡ. ಕೆಲಸವೆಂದೇ ನಡೆಸಿದ್ದರೆ ಹಾಗೇ ಆಗಲಿ. ಆದರೆ ತನ್ನ ತಪ್ಪನ್ನು ಅವನು ಹೊರುವುದು ಬೇಡ. ಅತ್ತಿಗೆಯಂತೆ ಇನ್ನೆಷ್ಟು ಮಂದಿ ನಗುನಗುತ್ತಾ ಮನೆಗೆ ಹೋಗಿದ್ದಾರೋ...

ಅವಳು ಬೀದಿಗಿಳಿದಳು. ಬಾಗಿಲು ಬಾಗಿಲಿಗೂ ಹೋಗಿ ನಿಂತು, ನಾನು ನಿಮಗೆ ಎರಡಿಂಚು ಸುಳ್ಳು ಹೇಳಿದ್ದೆ, ಮತ್ತೆ ಅಳೆಯಬೇಕು, ದಯವಿಟ್ಟು ಬನ್ನಿ ಎಂದಳು. ಒಬ್ಬಳು ಮುಖ ತಿರುಗಿಸಿದಳು. ಶಾಲೆಯ ಮೇಡಂ, ಇಷ್ಟು ವರ್ಷ ನನ್ನನ್ನು ಮಂಗ ಮಾಡಿದೆಯಾ ಎಂದು ರೇಗಿದರು. ಬೇಕರಿಯಮ್ಮನಿಗೆ ನಂಬಿಕೆಯೇ ಬರಲಿಲ್ಲ.

"ಬಟ್ಟೆ ಸರಿಯಾಗೇ ಕೂತಿತ್ತಲ್ಲೇ?"

"ಬಟ್ಟೆಗೆ ನಿಜ ಹೇಳಿದ್ದೆ ಆಂಟಿ. ನಿಮಗೆ ಹೇಳ್ಲಿಲ್ಲ."

ಬೇಕರಿಯಮ್ಮ ತನ್ನ ಅಂಗಿಯ ಸೊಂಟವನ್ನು ಕೈಯಲ್ಲಿ ಹಿಡಿದು ನೋಡಿಕೊಂಡಳು.

*

ಸಭಾಂಗಣ ತುಂಬಿತ್ತು. ಬಂದಿದ್ದೇನೋ ಬಂದಿದ್ದರು, ಬೆಂಚು ಬಿಟ್ಟು ಏಳುವವರಿಲ್ಲ. ಕೈಕಟ್ಟಿ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೇಜಿನ ಹಿಂದೆ ಅವನು, ಪಕ್ಕದಲ್ಲಿ ಡಾಕ್ಟರಮ್ಮ. ಮೊನ್ನೆಯಷ್ಟೇ ಮನೆಗೆ ಬಂದ ಅತ್ತಿಗೆಯೂ ಹಟ ಹಿಡಿದು ಬಂದು ಕುರ್ಚಿಯಲ್ಲಿ ಕೂತಿದ್ದಳು. ಕಡ್ಡಿ ಮೊದಲು ಡಾಕ್ಟರಮ್ಮನ ಎದುರು ನಿಂತು, ತಪ್ಪು ಇವರದಲ್ಲ, ನನ್ನದು, ಗೊತ್ತಿದ್ದೂ ಕಡಿಮೆ ಹೇಳಿದೆ ಎಂದಳು. ಅವನು ತಲೆ ಎತ್ತಿದ.

"ನಮಗೆಲ್ಲ ಹೇಳ್ತಾಳೆ," ಎಂದಿತು ಹಿಂದಿನ ಬೆಂಚಿನಿಂದ ಒಂದು ದನಿ. "ತಾನು ಕೊಡ್ತಾಳಾ ಅಳತೆ?"

ಅವನು ಕೂಡಲೇ, ಅವರದು ಬೇಡ, ಅದು ಅವರಿಷ್ಟ ಎಂದು ಎದ್ದು ನಿಂತ. ಅವಳು ಅವನಿಗೆ ಕೂತುಕೊಳ್ಳುವಂತೆ ಸನ್ನೆ ಮಾಡಿದಳು.

ಹೋಗಿ ಪರದೆಯನ್ನು ಪೂರ್ತಿ ಸರಿಸಿದಳು. ಎಲ್ಲರೆದುರು ನಿಂತಳು. ಕುತ್ತಿಗೆಯಿಂದ ಟೇಪು ತೆಗೆದು ಅತ್ತಿಗೆಯ ಕೈಗೆ ಕೊಟ್ಟು ಎರಡೂ ತೋಳು ಎತ್ತಿದಳು. ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ. ಉಸಿರು ಬಿಟ್ಟಳು.

ಅತ್ತಿಗೆ ಟೇಪು ಸುತ್ತಿದಳು. ಕೂಡಿದ ಕಡೆ ಬೆರಳಿಟ್ಟು, ಎಷ್ಟು ಅಂತ ಹೇಳ್ಲೇ ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದಳು.

"ಇದ್ದಷ್ಟು ಹೇಳಿ ಅತ್ತಿಗೆ. ಜೋರಾಗಿ."

"ನಲವತ್ತೆರಡು," ಅಂದಳು ಅತ್ತಿಗೆ.

ಕಡ್ಡಿ ಕಾದಳು. ಇಷ್ಟು ವರ್ಷ ಈ ಗಳಿಗೆಗೆ ಹೆದರಿ ಬದುಕಿದ್ದಳು. ಗಳಿಗೆ ಬಂದಿತ್ತು. ಮೇಲಿನ ಸೂರು ಮೇಲೇ ಇತ್ತು, ಕೆಳಗಿನ ನೆಲ ಕೆಳಗೇ ಇತ್ತು. ಅವಳು ನಿಂತೇ ಇದ್ದಳು.

ಅಷ್ಟೇನಾ... ಇದಕ್ಕೇನಾ ನಾನು ಹೆದರಿದ್ದು?

"ನನ್ನದು ಅದಕ್ಕಿಂತ ಜಾಸ್ತಿ ಇರುತ್ತೆ, ದಾರಿ ಬಿಡು," ಎಂದು ಬೇಕರಿಯಮ್ಮ ಎದ್ದುಬಂದಳು.

ಯಾರೋ ನಕ್ಕರು. ಒಬ್ಬರನ್ನು ನೋಡಿ ನಕ್ಕ ನಗುವಲ್ಲ ಅದು, ಎಲ್ಲರ ಎದೆಯ ಮೇಲಿಂದ ಏನೋ ಇಳಿದ ನಗು. ಬೆಂಚುಗಳು ಗರಗರ ಸರಿದವು. ಸಾಲು ಬಾಗಿಲವರೆಗೂ ಬೆಳೆಯಿತು. ಶಾಲೆಯ ಮೇಡಂ ಮುಖ ಗಂಟಿಕ್ಕಿಕೊಂಡೇ ಬಂದರು, ಅಳೆಸಿಕೊಂಡು, ಇನ್ನುಮೇಲೆ ಅಂಗಡಿಯಲ್ಲೂ ನಿಜವೇ ಹೇಳು ಎಂದು ಗದರಿ ಹೋದರು. ಪರದೆ ಮತ್ತೆ ಎಳೆಯಿರಿ ಎಂದು ಯಾರೂ ಕೇಳಲಿಲ್ಲ. ಕಡ್ಡಿ ಇದ್ದದ್ದನ್ನು ಇದ್ದ ಹಾಗೆ ಕೂಗಿದಳು. ಅವನು ಬರೆದುಕೊಂಡ.

ಮೊದಲು ನೆಮ್ಮದಿಯಾಗಿ ಮನೆಗೆ ಹೋಗಿದ್ದವರಲ್ಲಿ ಎಷ್ಟೋ ಮಂದಿ ಈಗ ರಕ್ತ ಪರೀಕ್ಷೆಯ ಸಾಲಿಗೆ ಸೇರಿದರು. ಮುಂದಿನ ದಿನಗಳಲ್ಲಿ ಕೆಲವರಲ್ಲಿ ಸಕ್ಕರೆ ಸಿಕ್ಕಿತು, ಕೆಲವರಲ್ಲಿ ಬಿಪಿ, ಬೇಕರಿಯಮ್ಮನಲ್ಲಿ ಎರಡೂ. ಎಲ್ಲವೂ ಕೈಮೀರುವ ಮೊದಲೇ ಸಿಕ್ಕವು. ಅಂತೂ ಲೆಕ್ಕ ಕೂಡಿದಾಗ, ಈ ಭಾಗದ ದೊಡ್ಡವರಲ್ಲಿ ಮೂವರಿಗೆ ಒಬ್ಬರು ಗೆರೆ ದಾಟಿದ್ದಾರೆ, ಇದು ಸೋಮಾರಿತನದ ಮಾತಲ್ಲ, ದಿನವಿಡೀ ಕೂತು ದುಡಿಯುವ, ಸಿಕ್ಕಿದ್ದನ್ನು ಸಿಕ್ಕಾಗ ತಿನ್ನುವ, ನಡೆಯಲು ಜಾಗವಿಲ್ಲದ ಊರಿನ ಮಾತು ಎಂದು ಡಾಕ್ಟರಮ್ಮ ಹೇಳಿದರು. ಕಾಲುವೆಯ ದಂಡೆಯ ಮೇಲೆ ಬೆಳಿಗ್ಗೆ ಹೆಂಗಸರ ದಂಡೇ ನಡೆಯತೊಡಗಿತು. ಮುಂದೆ ಅತ್ತಿಗೆ. ಅವಳ ಬೆರಳಿನ ಗಾಯ ಒಣಗಿತ್ತು.

ಆದರೆ ಅದೆಲ್ಲ ಆಮೇಲಿನ ಮಾತು. ಅಂದು ಸಂಜೆ, ಸಭಾಂಗಣ ಖಾಲಿಯಾಗುವ ಹೊತ್ತಿಗೆ, ಕೇಂದ್ರದ ಹಿರಿಯ ನರ್ಸಮ್ಮ ಕೊಡೆ ಊರಿಕೊಂಡು ಒಳಗೆ ಬಂದರು. ನಿವೃತ್ತಿಗೆ ಹತ್ತಿರವಾದವರು, ಯಾರಿಗೂ ಹೆದರದವರು. ಕಡ್ಡಿಯನ್ನು ಕಂಡದ್ದೇ ದಬಾಯಿಸಿದರು.

"ನೀನೇನಾ ಆ ಟೈಲರು? ಬೆಳಿಗ್ಗೆ ಮಿಷಿನ್ನು ಶುರುವಾಗೋಕೆ ಮುಂಚೆ ಸಿಕ್ತೀಯಾ ಅಂತ ವಾರವಾರ ಬಂದು ಸಾಕಾಯ್ತು. ಬಾಗಿಲಿಗೆ ಬೀಗ. ಎಲ್ಲಿಗಮ್ಮ ಹೋಗ್ತೀಯ?"

ಕಡ್ಡಿಗೆ ಅರ್ಥವಾಗಲಿಲ್ಲ. ನನ್ನನ್ನು ನೋಡಬೇಕಾದವರು ಇವರಲ್ಲವೇ ಎಂದು ಮೇಜಿನ ಕಡೆ ತೋರಿಸಿದಳು.

"ಅವನಾ?" ನರ್ಸಮ್ಮ ಹುಬ್ಬೇರಿಸಿದರು. "ಅವನು ಮೊದಲನೇ ವಾರವೇ ನಿನ್ನನ್ನ ನನಗೆ ದಾಟಿಸಿದ. ಯಾಕಪ್ಪ ಅಂದ್ರೆ, ಮನಸ್ಸಿನಲ್ಲಿ ಬೇರೆ ಏನೋ ಇಟ್ಟುಕೊಂಡು ನರ್ಸು ಅಂತ ಹೋಗಿ ನಿಲ್ಲೋದು ಸರಿಯಲ್ಲ ಅಂದ. ಏನೋ ಅಂದ್ರೆ ಏನೋ ಅಂತ ಕೇಳಿದೆ. ಕಿವಿ ಕೆಂಪು ಮಾಡ್ಕೊಂಡು ಓಡಿಹೋದ."

ಕಿವಿಗಳು ಈಗಲೂ ಕೆಂಪಾಗಿದ್ದವು.

ನರ್ಸಮ್ಮ ಇಬ್ಬರ ಮುಖವನ್ನೂ ನೋಡಿದರು. ಬೀಗ ಯಾಕಿತ್ತು ಎಂದು ಅವರಿಗೆ ತಿಳಿಯಿತು. ನನ್ನ ಮಂಡಿ ಸವೆಸಿದಿರಲ್ಲ ಇಬ್ಬರೂ ಸೇರಿ ಎಂದು ಗೊಣಗಿ, ಅತ್ತಿಗೆಯ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು.

ಖಾಲಿ ಬೆಂಚುಗಳ ನಡುವೆ ಇಬ್ಬರೇ ಉಳಿದರು.

"ಹೇಳೋದಲ್ವಾ?" ಅಂದಳು ಅವಳು.

ಹೇಳಬೇಕೆಂದೇ ದಿನಾ ಬೆಳಿಗ್ಗೆ ಮನೆ ಬಿಡುತ್ತಿದ್ದೆ ಎಂದ ಅವನು. ನನ್ನ ಕೆಲಸ ನಿಮಗೆ ಗೊತ್ತು. ಏನು ಹೇಳಿದರೂ ಕನಿಕರ ಅಂದುಕೊಳ್ಳುತ್ತೀರೇನೋ ಎನ್ನುವ ಭಯ. ಗಿರಣಿ ದಾಟಿದ ಮೇಲೆ ಹೇಳೋಣ ಎಂದುಕೊಂಡಿದ್ದೆ, ಅದನ್ನು ದಾಟುವ ಮುಂಚೆ ನೀವು ಬರುವುದನ್ನೇ ನಿಲ್ಲಿಸಿದಿರಿ. ಅಂದು ಅಂಗಡಿಯಲ್ಲಿ ಆಡಿದ ಮಾತು ಒರಟಾಯಿತು ಎಂದ. ಅವಳು ಇಲ್ಲ ಎಂದು ತಲೆಯಾಡಿಸಿದಳು. ಆ ಮಾತು ಕೇಳಿಸಿಕೊಂಡದ್ದರಿಂದಲೇ ತಾನು ಬಾಗಿಲು ಬಾಗಿಲಿಗೂ ಹೋಗಿ ನಿಜ ಹೇಳಿದ್ದು.

"ಯಾವಾಗಿಂದ?" ಎಂದು ಕೇಳಿದಳು.

"ಕತ್ತರಿ ಹಿಡ್ಕೊಂಡು, ಯೋಚನೆ ಮಾಡಿ ಕೇಳಿ ಅಂದ್ರಲ್ಲ, ಆಗಿಂದ."

"ಆಗ ನಾನು ಇನ್ನೂ ದಪ್ಪ ಇದ್ದೆ."

"ಇದ್ರಿ. ನೋಡ್ದೆ. ನನಗೆ ಕಣ್ಣು ಸರಿಯಾಗೇ ಕಾಣುತ್ತೆ."

ಅವಳು ನಕ್ಕಳು, ನಗುವಿನೊಳಗೇ ಅಳು ಬಂತು. ಒರೆಸಿಕೊಳ್ಳಲಿಲ್ಲ. ಕೇಳಲೇಬೇಕಾದ ಮಾತೊಂದು ಉಳಿದಿತ್ತು, ಇಷ್ಟು ವರ್ಷ ಬಾಗಿಲಲ್ಲಿ ನಿಂತು ಹೋದವರೆಲ್ಲ ಬಿಟ್ಟುಹೋದ ಮಾತು.

"ನಡೀತೀನಿ, ಮಾತ್ರೆ ತಗೋತೀನಿ, ಎಲ್ಲ ಮಾಡ್ತೀನಿ. ಆದ್ರೂ ಇದಕ್ಕಿಂತ ಇಳೀದೇ ಹೋದ್ರೆ?"

"ಬಿಪಿ ಇಳಿದ್ರೆ ಸಾಕು. ಉಳಿದಿದ್ದು ನನಗೆ ಹಾಗೇ ಬೇಕು."

ಹೊರಗೆ ಹೆಂಗಸರ ಮಾತು, ನಗು ದೂರವಾಗುತ್ತಿತ್ತು. ಸಂಜೆಯ ಬಿಸಿಲು ಕಿಟಕಿಯಿಂದ ಉದ್ದಕ್ಕೆ ಬಿದ್ದಿತ್ತು. ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು. ಹಿಡಿದುಕೊಂಡಾಗ ಅವಳಿಗೆ ಜೀವನದಲ್ಲಿ ಮೊದಲ ಬಾರಿಗೆ ಒಂದು ಆಸೆ ಹುಟ್ಟಿತು. ತೆಳ್ಳಗಾಗುವ ಆಸೆಯಲ್ಲ.

"ನನಗೆ ತುಂಬಾ ವರ್ಷ ಬದುಕಬೇಕು ಅನ್ನಿಸ್ತಾ ಇದೆ," ಅಂದಳು.

"ಎಷ್ಟು ವರ್ಷ?"

"ನಿಮಗೆ ಇವಳ ಸಹವಾಸ ಸಾಕಪ್ಪಾ ಅನ್ನಿಸೋವರೆಗೂ."

ಅವನು ಆ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಹಾಗಾದ್ರೆ ಕಷ್ಟ," ಅಂದ. "ನೀವು ಬಹಳ ಕಾಲ ಬದುಕಬೇಕಾಗುತ್ತೆ."